ಹುಳಗಳ ಲೆಕ್ಕ ಬರೆಯುವುದು, ಹಂಚಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದಲ್ಲಿ ಚಿಟ್ಟೆ ಎಣಿಸುವವರು, ಹೊಲದಲ್ಲಿ ಮೋಹಕ ಬಲೆ (ವಾಸನೆಯಿಂದ ಪತಂಗ ಸೆಳೆಯುವ ಬಲೆ) ಕಟ್ಟಿದವರು, ರಾತ್ರಿ ದೀಪ ಹಚ್ಚಿ ಪತಂಗ ನೋಡುವವರು, ಕಾಲೇಜಿನ ಪ್ರಾಜೆಕ್ಟ್‌ಗೆ ಕೆರೆ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆ ಹಿಂದೆ ಬಿದ್ದವರು. ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಓದಿ ತಿಳಿದದ್ದು, ನಾನೇ ಮಾಡಿ ಕಲಿತದ್ದು ಎರಡನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ನೋಡಿದ್ದನ್ನು ನನಗೆ ತೋಚಿದ ಹಾಗೆ ಬರೆದಿಟ್ಟರೆ ಆಗಲ್ವಾ?

ನಿಮ್ಮ ಖುಷಿಗೆ ಬರೆಯುವುದಾದರೆ ಖಂಡಿತ ಆಗುತ್ತದೆ. ತೊಂದರೆ ಶುರುವಾಗುವುದು ನಿಮ್ಮ ಲೆಕ್ಕವನ್ನು ಇನ್ನೊಬ್ಬರ ಲೆಕ್ಕದ ಪಕ್ಕ ಇಟ್ಟಾಗ. ನೀವು "ಇವತ್ತು 12 ಚಿಟ್ಟೆ" ಅಂತ ಬರೆದಿದ್ದೀರಿ. ಪಕ್ಕದ ಊರಿನವರು "40" ಅಂತ ಬರೆದಿದ್ದಾರೆ. ಅವರ ಊರಲ್ಲಿ ಚಿಟ್ಟೆ ಜಾಸ್ತಿ ಅಂದುಬಿಡೋಣವಾ? ನೀವು ಹಿತ್ತಲಲ್ಲಿ ಹತ್ತು ನಿಮಿಷ ನಿಂತಿದ್ದಿರಿ, ಅವರು ಎರಡು ತಾಸು ಬೆಟ್ಟ ಸುತ್ತಿದ್ದರು ಅಂತ ಗೊತ್ತಾದರೆ ಮಾತೇ ಬೇರೆಯಾಗುತ್ತದೆ.

ನನಗೆ ಇದು ಗೊತ್ತಾಗಿದ್ದು ತಡವಾಗಿ. ನಮ್ಮ ಅಡಿಕೆ ತೋಟದ ಕಾಲುದಾರಿಯಲ್ಲಿ ಕಂಡ ಚಿಟ್ಟೆಗಳನ್ನು ಆರು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಏಳನೇ ವರ್ಷ ಎಲ್ಲ ಕೂಡಿಸಲು ಕೂತೆ. ಚಂದದ್ದು ಏನಾದರೂ ಕಂಡ ದಿನ ಮಾತ್ರ ಬರೆದಿದ್ದೆ. ಜುಲೈ ತಿಂಗಳೆಲ್ಲ ಖಾಲಿ. ಆ ದಿನಗಳಲ್ಲಿ ಚಿಟ್ಟೆ ಇರಲಿಲ್ಲವಾ, ಇಲ್ಲಾ ಮಳೆಗೆ ನಾನೇ ತೋಟಕ್ಕೆ ಇಳಿದಿರಲಿಲ್ಲವಾ? ಈಗ ಯಾರಿಗೂ ಹೇಳಲು ಬರುವುದಿಲ್ಲ. ಯಾವ್ಯಾವ ಚಿಟ್ಟೆ ನಮ್ಮಲ್ಲಿವೆ ಅಂತ ಆ ಪುಸ್ತಕ ಹೇಳುತ್ತದೆ. ಹೆಚ್ಚಾದವಾ ಕಡಿಮೆಯಾದವಾ ಅಂತ ಹೇಳುವುದಿಲ್ಲ. ಆ ಬೇಜಾರು ಇವತ್ತಿಗೂ ಇದೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಹಾಗಾದರೆ ಏನೇನು ಬರೆಯಬೇಕು?

ಎಲ್ಲಿ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ವಿಧಾನದಲ್ಲಿ, ಯಾವ ಜಾತಿ, ಎಷ್ಟು, ಗುರುತಿಸಿದವರು ಯಾರು. ಇಷ್ಟು ಇದ್ದರೆ ಮೂವತ್ತು ವರ್ಷ ಆದ ಮೇಲೂ ನಿಮ್ಮ ಪುಟ ಕೆಲಸಕ್ಕೆ ಬರುತ್ತದೆ. ಬಿಸಿಲಾ, ಮೋಡವಾ, ಗಾಳಿಯಾ ಅಂತ ಒಂದು ಪದ ಸೇರಿಸಿದರೆ ಇನ್ನೂ ಒಳ್ಳೆಯದು.

ನನ್ನ ಈಗಿನ ಪುಸ್ತಕದ ಒಂದು ಸಾಲು ಹೀಗಿದೆ: "2025-06-14. ಕೆಳಗಿನ ತೋಟ, ಕಾಲುವೆ ದಾರಿ, 400 ಮೀಟರ್. 9:30ರಿಂದ 10:05. ನಡೆದು ಎಣಿಕೆ, ಒಬ್ಬನೇ. ಮೋಡ, ಗಾಳಿ ಇಲ್ಲ. ಕಾಮನ್ ಮಾರ್ಮನ್ 3, ಕಾಮನ್ ಕ್ರೋ 1, ಗುರುತು ಸಿಗದ ಸ್ಕಿಪ್ಪರ್ 2. ಕಂಡ ಎಲ್ಲವನ್ನೂ ಬರೆದಿದೆ."

ಕೊನೆಯ ವಾಕ್ಯವನ್ನು ಗಮನಿಸಿ. ಸುಮ್ನೆ ಬರೆದದ್ದಲ್ಲ ಅದು. ಕಂಡದ್ದೆಲ್ಲ ಬರೆದಿದ್ದೀರಿ ಅಂತ ಓದುವವರಿಗೆ ಗೊತ್ತಾದರೆ, ಪಟ್ಟಿಯಲ್ಲಿ ಇಲ್ಲದ ಚಿಟ್ಟೆ ಅವತ್ತು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂತಲೂ ಗೊತ್ತಾಗುತ್ತದೆ.

ಏನೂ ಕಾಣಲಿಲ್ಲ. ಅದನ್ನೂ ಬರೆಯಬೇಕಾ?

ಬರೆಯಲೇಬೇಕು. ಈ ಇಡೀ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಸೊನ್ನೆಯೂ ಒಂದು ಲೆಕ್ಕ. ಖಾಲಿ ಜಾಗ ಲೆಕ್ಕವಲ್ಲ.

ಮೆಕ್ಕೆಜೋಳದ ಸೈನಿಕ ಹುಳವನ್ನೇ ತೆಗೆದುಕೊಳ್ಳಿ. ಅಮೆರಿಕ ಖಂಡದ ಈ ಹುಳ ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ. ನೋಡನೋಡುತ್ತಲೇ ದೇಶದ ಜೋಳದ ಹೊಲಗಳಿಗೆಲ್ಲ ಹಬ್ಬಿತು. ಒಂದು ಹುಳ ಯಾವಾಗ ಬಂತು ಅಂತ ಹೇಳಬೇಕಾದರೆ ಮೊದಲು ಕಂಡ ದಿನ ಮಾತ್ರ ಗೊತ್ತಿದ್ದರೆ ಸಾಲದು. ಅದಕ್ಕೆ ಮುಂಚೆ ಯಾರೋ ಅದೇ ಜಾಗದಲ್ಲಿ ಹುಡುಕಿ "ಇಲ್ಲ" ಅಂತ ಬರೆದಿರಬೇಕು. ಆ "ಇಲ್ಲ" ಇದ್ದರೆ ಎರಡು ತಾರೀಖುಗಳ ನಡುವೆ ಬಂದಿದೆ ಅಂತ ಹೇಳಬಹುದು. ಇಲ್ಲದಿದ್ದರೆ, ಹುಳ ಬಂದದ್ದು ಆವಾಗಲಾ ಅಥವಾ ನಾವು ಕಣ್ಣು ಬಿಟ್ಟದ್ದು ಆವಾಗಲಾ ಅನ್ನುವುದು ಗೊತ್ತೇ ಆಗುವುದಿಲ್ಲ.

ಚಿಟ್ಟೆ ಎಣಿಸಲು ಎಲ್ಲರೂ ಒಪ್ಪಿದ ವಿಧಾನ ಇದೆಯಾ?

ಇದೆ. ಬ್ರಿಟನ್‌ನ ಅರ್ನೀ ಪೊಲಾರ್ಡ್ 1970ರ ದಶಕದಲ್ಲಿ ರೂಪಿಸಿದ್ದು. ಅವರ ಹೆಸರಿನಲ್ಲೇ ಅದನ್ನು ಪೊಲಾರ್ಡ್ ನಡಿಗೆ ಅನ್ನುತ್ತಾರೆ. 1976ರಲ್ಲಿ ಅಲ್ಲಿನ ಚಿಟ್ಟೆ ಗಣತಿ ಅದರ ಮೇಲೆಯೇ ಶುರುವಾಯಿತು, ಇವತ್ತಿಗೂ ನಿಂತಿಲ್ಲ. ನಿಯಮ ಬಹಳ ಸರಳ. ಒಂದು ದಾರಿ ಗೊತ್ತು ಮಾಡಿಕೊಳ್ಳಿ. ವಾರಕ್ಕೊಮ್ಮೆ ಒಂದೇ ವೇಗದಲ್ಲಿ ನಡೆಯಿರಿ. ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ ಮೀಟರ್, ಮುಂದೆ ಐದು ಮೀಟರ್. ಅಷ್ಟರೊಳಗೆ ಬಂದದ್ದನ್ನು ಮಾತ್ರ ಎಣಿಸಿ. ಆಚೆ ಎಷ್ಟೇ ಚಂದದ್ದು ಹಾರಲಿ, ಲೆಕ್ಕಕ್ಕಿಲ್ಲ.

ಈ ಕೊನೆಯದು ಕಷ್ಟ, ಒಪ್ಪುತ್ತೇನೆ. ಹತ್ತು ಮೀಟರ್ ದೂರದಲ್ಲಿ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಹೋಗುತ್ತಿದ್ದರೆ ಯಾರ ಕೈ ತಾನೇ ಸುಮ್ಮನಿರುತ್ತದೆ? ಅದನ್ನು ಪುಟದ ಕೆಳಗೆ "ದಾರಿಯ ಆಚೆ" ಅಂತ ಬೇರೆಯಾಗಿ ಬರೆಯಿರಿ. ಲೆಕ್ಕಕ್ಕೆ ಸೇರಿಸಬೇಡಿ.

ಅಲ್ಲಿನ ಹೊತ್ತು, ಹವೆ ನಮಗೆ ಹೊಂದುತ್ತದಾ?

ಪೂರ್ತಿ ಹೊಂದುವುದಿಲ್ಲ. ಅಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಬೆಳಿಗ್ಗೆ 10:45ರಿಂದ ಮಧ್ಯಾಹ್ನ 3:45ರೊಳಗೆ ಎಣಿಸುತ್ತಾರೆ. ಚಳಿ ಇದ್ದರೆ ಚಿಟ್ಟೆ ಹಾರುವುದಿಲ್ಲ, ಅದಕ್ಕೆ. ರಾಯಚೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಚಿಟ್ಟೆಯೂ ನೆರಳು ಹುಡುಕುತ್ತದೆ, ಎಣಿಸುವವರೂ ಹುಡುಕುತ್ತಾರೆ. ಮಲೆನಾಡಿನ ತೋಟದೊಳಗೆ ಬಿಸಿಲು ಇಳಿಯುವುದೇ ಒಂಬತ್ತರ ಮೇಲೆ.

ನಿಮ್ಮ ಊರಿಗೆ ಹೊಂದುವ ಹೊತ್ತನ್ನು ನೀವೇ ಆರಿಸಿ. ಆದರೆ ಒಮ್ಮೆ ಆರಿಸಿದ ಮೇಲೆ ಬದಲಾಯಿಸಬೇಡಿ, ಮತ್ತು ಯಾವ ಹೊತ್ತು ಅಂತ ಬರೆದಿಡಿ. ಹೊತ್ತು ಎಲ್ಲ ಊರಲ್ಲೂ ಒಂದೇ ಇರಬೇಕಾಗಿಲ್ಲ. ಬರೆಯುವ ಕ್ರಮ ಒಂದೇ ಇರಬೇಕು. ಮಳೆಗಾಲದಲ್ಲಿ ವಾರ ತಪ್ಪಿದರೆ "ಮಳೆ, ಹೋಗಲಿಲ್ಲ" ಅಂತ ಬರೆಯಿರಿ.

ಬಲೆಯಲ್ಲಿ ಬಿದ್ದ ಹುಳಗಳ ಲೆಕ್ಕ ಹೇಗೆ ಬರೆಯುವುದು?

ಬರಿ ಸಂಖ್ಯೆ ಬರೆಯಬೇಡಿ. ಎಷ್ಟು ಬಲೆ, ಎಷ್ಟು ರಾತ್ರಿ ಅಂತ ಜೊತೆಗೇ ಬರೆಯಿರಿ. ಹತ್ತಿ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಗುಲಾಬಿ ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟಿದಾಗ, ಒಂದು ಬಲೆಗೆ ಒಂದು ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಕ್ರಮಕ್ಕೆ ಇಳಿಯಬೇಕು ಅಂತ ಹೇಳುತ್ತಾರೆ. ಈಗ ಒಬ್ಬರು "24 ಪತಂಗ" ಅಂತ ಬರೆದು ಕಳಿಸಿದರು ಅನ್ನಿ. ಒಂದೇ ಬಲೆಯಲ್ಲಿ ಒಂದೇ ರಾತ್ರಿ ಬಿದ್ದದ್ದಾದರೆ ಗಾಬರಿಯ ವಿಷಯ. ಐದು ಬಲೆಯಲ್ಲಿ ಒಂದು ವಾರ ಬಿದ್ದದ್ದಾದರೆ ಬಲೆಗೆ ರಾತ್ರಿಗೆ ಒಂದೂ ಬಿದ್ದಿಲ್ಲ. ಅಂಕಿ ಒಂದೇ. ಒಬ್ಬರು ಔಷಧಿ ಹೊಡೆಯಲು ಓಡಬೇಕು, ಇನ್ನೊಬ್ಬರು ದುಡ್ಡು ಉಳಿಸಬೇಕು. ಇಲ್ಲಿ ದಾಖಲೆಯ ತಪ್ಪು ನೇರವಾಗಿ ಜೇಬಿಗೆ ಬೀಳುತ್ತದೆ.

ಲ್ಯೂರ್, ಅಂದರೆ ಬಲೆಯೊಳಗೆ ಇಡುವ ವಾಸನೆಯ ಬಿಲ್ಲೆ, ಬದಲಾಯಿಸಿದ ದಿನವನ್ನೂ ಬರೆಯಿರಿ. ಹಳೆಯ ಲ್ಯೂರ್ ವಾಸನೆ ಕಳೆದುಕೊಂಡಾಗ ಬಲೆಯಲ್ಲಿ ಬೀಳುವ ಪತಂಗ ಕಡಿಮೆಯಾಗುತ್ತದೆ. ಹೊಲದಲ್ಲಿ ಕಡಿಮೆಯಾಗಿರುವುದಿಲ್ಲ.

ದೀಪದ ಬಲೆಗೂ ಇದೇ ಮಾತು. ಬಲ್ಬು ಬದಲಾದರೆ ಬರುವ ಪತಂಗವೂ ಬದಲಾಗುತ್ತದೆ, ಯಾಕೆಂದರೆ ಪತಂಗಗಳನ್ನು ಜಾಸ್ತಿ ಎಳೆಯುವುದು ನೀಲಿ ಮತ್ತು ಅತಿನೇರಳೆ ಬೆಳಕು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ 1960ರ ದಶಕದಿಂದ ದೇಶದುದ್ದಕ್ಕೂ ದೀಪದ ಬಲೆಗಳನ್ನು ನಡೆಸುತ್ತಿದೆ. ಎಲ್ಲ ಕಡೆ ಒಂದೇ ಮಾದರಿಯ ಬಲೆ, 200 ವ್ಯಾಟ್‌ನ ಟಂಗ್‌ಸ್ಟನ್ ಬಲ್ಬು. ಗಿಡಹೇನು ಹಿಡಿಯಲು ಗಾಳಿ ಎಳೆಯುವ ಬಲೆಗಳೂ ಇವೆ. ಅವೂ ಎಲ್ಲ ಕಡೆ 12.2 ಮೀಟರ್ ಎತ್ತರವೇ. ಹೊಸ ಸಾಮಾನು ಬಂತು ಅಂತ ಬದಲಾಯಿಸದೆ ಉಳಿಸಿಕೊಂಡದ್ದರಿಂದಲೇ ಅಂದಿನ ಲೆಕ್ಕವನ್ನು ಇಂದಿನ ಲೆಕ್ಕದ ಜೊತೆ ತೂಗಲು ಆಗುತ್ತದೆ. ನಿಮ್ಮ ಮನೆಯ ಬಲ್ಬು ಸುಟ್ಟುಹೋಗಿ ಎಲ್‌ಇಡಿ ಹಾಕಿದರೆ ಆ ತಾರೀಖು ಬರೆದಿಡಿ. ಎರಡೂ ಬಲ್ಬುಗಳನ್ನು ಕೆಲವು ದಿನ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚಿ ನೋಡಲು ಆದರೆ ಇನ್ನೂ ಒಳ್ಳೆಯದು.

ಗಿಡದ ಮೇಲಿನ ಹುಳ ಎಣಿಸುವುದಾದರೆ?

ಎಷ್ಟು ಗಿಡ ನೋಡಿದಿರಿ, ಎಷ್ಟರಲ್ಲಿ ಹುಳ ಇತ್ತು. ಎರಡೂ ಬೇಕು. ಸೈನಿಕ ಹುಳಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವ ಕ್ರಮ ಹೀಗೆ: ಹೊಲದಲ್ಲಿ ಅಂಕುಡೊಂಕಾಗಿ ನಡೆದು ಐದು ಕಡೆ ನಿಲ್ಲಿ, ಒಂದೊಂದು ಕಡೆ ಹತ್ತು ಗಿಡದ ಸುಳಿ ಬಿಡಿಸಿ ನೋಡಿ. ಬದುವಿನ ಹತ್ತಿರದ ಗಿಡಗಳನ್ನಷ್ಟೇ ನೋಡಿ ಬರಬೇಡಿ, ಹುಳ ತಿಂದ ಗಿಡವನ್ನೇ ಹುಡುಕಿಕೊಂಡೂ ಹೋಗಬೇಡಿ. ಮೊಟ್ಟೆ, ಮರಿಹುಳ, ಪತಂಗ ಇವನ್ನು ಬೇರೆ ಬೇರೆ ಬರೆಯಿರಿ.

ಕನ್ನಡದ ಹೆಸರು ಬರೆದರೆ ಸಾಕಲ್ವಾ?

ಕನ್ನಡದ ಹೆಸರು ಬರೆಯಿರಿ, ಬಿಡಬೇಡಿ. ಪಕ್ಕದಲ್ಲಿ ವೈಜ್ಞಾನಿಕ ಹೆಸರೂ ಇರಲಿ. ಒಂದೇ ಹುಳಕ್ಕೆ ಊರಿಗೊಂದು ಹೆಸರು. ಒಂದೇ ಹೆಸರಿಗೆ ಹತ್ತಾರು ಹುಳ. "ಕಂಬಳಿ ಹುಳ" ಅಂದರೆ ಯಾವುದು ಅಂತ ಯಾರು ಹೇಳಬಲ್ಲರು?

ವೈಜ್ಞಾನಿಕ ಹೆಸರೂ ಬದಲಾಗುತ್ತದೆ. ಹೀರೆಕಾಯಿ, ಹಾಗಲಕಾಯಿಯೊಳಗೆ ಹುಳ ಮಾಡುವ ಹಣ್ಣುನೊಣವನ್ನು ಹಿಂದೆ ಬ್ಯಾಕ್ಟ್ರೋಸೆರಾ ಕುಕುರ್ಬಿಟೆ ಅನ್ನುತ್ತಿದ್ದರು, ಈಗ ಝ್ಯೂಗೋಡೇಕಸ್ ಕುಕುರ್ಬಿಟೆ. ಹಳೆಯ ದಾಖಲೆ ಸಿಕ್ಕರೆ ಹೆಸರನ್ನು ತಿದ್ದಬೇಡಿ. ಬರೆದ ಹೆಸರು ಹಾಗೇ ಇರಲಿ, ಇನ್ನೊಂದು ಕಾಲಂನಲ್ಲಿ ಈಗಿನ ಹೆಸರು ಸೇರಿಸಿ.

ಗುರುತು ಸರಿಯಾ ಅಂತ ಅನುಮಾನ ಇದ್ದರೆ?

ಅನುಮಾನ ಇದೆ ಅಂತಲೇ ಬರೆಯಿರಿ. ಎಕ್ಕದ ಗಿಡದ ಸುತ್ತ ಸುಳಿಯುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ನೀವು ನೋಡಿರುತ್ತೀರಿ. ಡಾನೈಡ್ ಎಗ್‌ಫ್ಲೈ ಅನ್ನುವ ಇನ್ನೊಂದು ಚಿಟ್ಟೆಯ ಹೆಣ್ಣು ಅಚ್ಚು ಹಾಗೇ ಕಾಣುತ್ತದೆ. ಪ್ಲೇನ್ ಟೈಗರ್ ರುಚಿ ಇಲ್ಲ ಅಂತ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ, ಅದರ ವೇಷ ಹಾಕಿದರೆ ಜೀವ ಉಳಿಯುತ್ತದೆ. ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಾಗ ಹಿಂದಿನ ರೆಕ್ಕೆ ನೋಡಿ. ನಡುವೆ ಮೂರ್ನಾಲ್ಕು ಕಪ್ಪು ಚುಕ್ಕಿ ಇದ್ದರೆ ಪ್ಲೇನ್ ಟೈಗರ್. ಮೇಲಂಚಿನ ಹತ್ತಿರ ಒಂದೇ ಚುಕ್ಕಿ ಇದ್ದರೆ ಎಗ್‌ಫ್ಲೈ. ಹಾರುತ್ತಲೇ ಹೋದರೆ ಇದನ್ನು ನೋಡಲು ಎಲ್ಲಿ ಆಗುತ್ತದೆ? ಆಗ "ಎರಡರಲ್ಲಿ ಒಂದು" ಅಂತ ಬರೆಯಿರಿ. ಗುಂಪಿನ ಹೆಸರಿಗೇ ನಿಲ್ಲಿಸಿದರೂ ತಪ್ಪಿಲ್ಲ. ಊಹೆ ಮಾಡಿ ಬರೆದ ಹೆಸರಿಗಿಂತ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಸಾವಿರಾರು ಹಾರುತ್ತಿವೆ. "ತುಂಬಾ" ಅಂತ ಬರೆಯಬಹುದಾ?

ಬೇಡ. ನಿಮಗೆ ತುಂಬಾ ಅನ್ನಿಸಿದ್ದು ನನಗೆ ಸ್ವಲ್ಪ ಅನ್ನಿಸಬಹುದು. ಮಳೆಗಾಲದ ಮುಂಚೆ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ಪಶ್ಚಿಮ ಘಟ್ಟದ ಕಡೆಯಿಂದ ಬಯಲುಸೀಮೆಯ ಕಡೆ ಹಿಂಡು ಹಿಂಡಾಗಿ ಹೋಗುತ್ತವೆ. ಬೆಂಗಳೂರಿನ ಟ್ರಾಫಿಕ್ ಮೇಲೂ ಕಾಣುತ್ತವೆ. ಒಂದೊಂದಾಗಿ ಎಣಿಸಲು ಸಾಧ್ಯವೇ ಇಲ್ಲ. ಆಗ ಹೀಗೆ ಮಾಡಿ: ಎರಡು ಮರ ಅಥವಾ ಎರಡು ಕಂಬ ಗುರುತಿಟ್ಟುಕೊಳ್ಳಿ. ಅವುಗಳ ನಡುವೆ ಐದು ನಿಮಿಷದಲ್ಲಿ ಎಷ್ಟು ದಾಟಿದವು, ಯಾವ ದಿಕ್ಕಿಗೆ ಹೋದವು ಅಂತ ಬರೆಯಿರಿ. ಕಂಬಗಳ ನಡುವಿನ ದೂರವನ್ನೂ ಬರೆಯಿರಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಎಣಿಸಿ. ಬೇರೆ ಊರಲ್ಲಿ ಇನ್ನೊಬ್ಬರು ಹೀಗೇ ಎಣಿಸಿದರೆ ಆ ಹಿಂಡು ಎಷ್ಟು ದೊಡ್ಡದು ಅಂತ ಅಂದಾಜು ಸಿಗುತ್ತದೆ.

ಎಕ್ಸೆಲ್‌ನಲ್ಲಿ ತುಂಬುವಾಗ ಎಲ್ಲಿ ಎಡವುತ್ತೇವೆ?

ಮೊದಲು ತಾರೀಖು. 7-6 ಅಂದರೆ ನಮಗೆ ಜೂನ್ 7, ಅಮೆರಿಕದವರಿಗೆ ಜುಲೈ 6. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ 2025-06-07 ಅಂತ ಬರೆದರೆ ಗೊಂದಲ ಇಲ್ಲ. ಅಂತರರಾಷ್ಟ್ರೀಯ ಕ್ರಮವೂ ಅದೇ. ಎಣಿಕೆಯ ಕಾಲಂನಲ್ಲಿ ಹತ್ತರಿಂದ ಹನ್ನೆರಡು ಅನ್ನಲು 10-12 ಅಂತ ಹೊಡೆದಿರೋ, ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಕನಿಷ್ಠಕ್ಕೆ ಒಂದು ಕಾಲಂ, ಗರಿಷ್ಠಕ್ಕೆ ಇನ್ನೊಂದು ಕಾಲಂ ಇಟ್ಟುಕೊಳ್ಳಿ.

ಆಮೇಲೆ ಜಾಗ. ಶಿರಸಿ ಇರುವುದು ಸುಮಾರು 14 ಡಿಗ್ರಿ 37 ಮಿನಿಟ್ ಉತ್ತರ ಅಕ್ಷಾಂಶದಲ್ಲಿ. ಒಂದು ಡಿಗ್ರಿಗೆ 60 ಮಿನಿಟ್, ಹಾಗಾಗಿ ದಶಮಾಂಶದಲ್ಲಿ ಅದು 14.62. ಮರೆತು 14.37 ಅಂತ ಹೊಡೆದರೆ ನಿಮ್ಮ ಚಿಟ್ಟೆ 27 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೂರುತ್ತದೆ. ಅಕ್ಷಾಂಶ, ರೇಖಾಂಶ ಅದಲುಬದಲಾದರೆ ಇನ್ನೂ ಕಷ್ಟ. ಶಿರಸಿಯ 14.62, 74.84 ತಿರುಗುಮುರುಗಾದರೆ ನಾರ್ವೆಯಿಂದಲೂ ಉತ್ತರದ ಹಿಮಸಮುದ್ರದ ನಡುವೆ ಬೀಳುತ್ತದೆ. ಹಂಚಿಕೊಳ್ಳುವ ಮುಂಚೆ ಎಲ್ಲ ಬಿಂದುಗಳನ್ನೂ ಒಮ್ಮೆ ಮ್ಯಾಪ್ ಮೇಲೆ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಇನ್ನೊಂದು ಮಾತು. ಸೊನ್ನೆಗೆ 0 ಅಂತಲೇ ಬರೆಯಿರಿ. ಗೊತ್ತಿಲ್ಲದ್ದಕ್ಕೆ ಖಾಲಿ ಬಿಡಿ.

ಡಾರ್ವಿನ್ ಕೋರ್ ಅಂದರೆ ಏನು? ನಾನು ಕಲಿಯಬೇಕಾ?

ಕಾಲಂಗಳಿಗೆ ಎಲ್ಲರೂ ಒಪ್ಪಿಕೊಂಡ ಹೆಸರುಗಳ ಪಟ್ಟಿ ಅದು. ನೀವು "ದಿನಾಂಕ" ಅನ್ನುತ್ತೀರಿ, ನಾನು "ತಾರೀಖು" ಅನ್ನುತ್ತೇನೆ, ಜರ್ಮನಿಯವರು ಇನ್ನೇನೋ ಅನ್ನುತ್ತಾರೆ. ಕಂಪ್ಯೂಟರ್‌ಗೆ ಮೂರೂ ಒಂದೇ ಅಂತ ಗೊತ್ತಾಗಬೇಕಾದರೆ ಒಂದು ಹೆಸರು ಬೇಕು. 2009ರಲ್ಲಿ ಇದು ಅಧಿಕೃತ ಮಾನದಂಡವಾಯಿತು. ಯಾವ ವಿಧಾನ, ಎಷ್ಟು ಹೊತ್ತು, ಎಷ್ಟು ಉದ್ದ, ಇತ್ತಾ ಇಲ್ಲವಾ ಅನ್ನುವುದಕ್ಕೂ ಅದರಲ್ಲಿ ಜಾಗವಿದೆ. ಹಂಬೋಲ್ಟ್ ಅನ್ನುವ ವಿಸ್ತರಣೆ ಬಂದ ಮೇಲೆ, ಏನನ್ನು ಹುಡುಕಿದಿರಿ, ಎಷ್ಟು ಶ್ರಮ ಹಾಕಿದಿರಿ, ಏನು ಸಿಗಲಿಲ್ಲ ಅನ್ನುವುದನ್ನು ಇನ್ನೂ ಸರಿಯಾಗಿ ಹೇಳಬಹುದು.

ನೀವು ಬಾಯಿಪಾಠ ಮಾಡಬೇಕಾಗಿಲ್ಲ. ನಿಮ್ಮ ಕಾಲಂಗಳು ಬಿಡಿಬಿಡಿಯಾಗಿದ್ದರೆ ಹೆಸರು ಆಮೇಲೆ ಹೊಂದಿಸಬಹುದು. "ತೋಟ, ಬೆಳಿಗ್ಗೆ, 3 ಮಾರ್ಮನ್" ಅಂತ ಎಲ್ಲ ಒಂದೇ ಡಬ್ಬಿಗೆ ತುಂಬಿದರೆ ಬಿಡಿಸುವವರು ಸೋತುಹೋಗುತ್ತಾರೆ.

ಎಲ್ಲಿಗೆ ಹಾಕಬೇಕು?

ಫೋಟೋ ಇದ್ದರೆ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ವೆಬ್‌ಸೈಟ್‌ಗೆ ಹಾಕಿ. ಬೇರೆಯವರು ಗುರುತು ನೋಡಿ ಹೇಳುತ್ತಾರೆ. ಚಿಟ್ಟೆಗಳಿಗೇ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ) ವಿಜ್ಞಾನಿಗಳು ನಡೆಸುವ ಬಟರ್‌ಫ್ಲೈಸ್ ಆಫ್ ಇಂಡಿಯಾ ಇದೆ. ಇಂಥ ಎಷ್ಟೋ ಕಡೆಯ ದಾಖಲೆಗಳು ಕೊನೆಗೆ ಜಿಬಿಐಎಫ್ ಅನ್ನುವ ಜಾಗತಿಕ ಭಂಡಾರಕ್ಕೆ ಹೋಗಿ ಸೇರುತ್ತವೆ. 2001ರಲ್ಲಿ ಶುರುವಾದದ್ದು, ಕಚೇರಿ ಕೋಪನ್‌ಹೇಗನ್‌ನಲ್ಲಿ. ಬೆಳೆಯ ಕೀಟಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯ ಆ್ಯಪ್ ತಂದಿದೆ.

ಆದರೆ ಫೋಟೋ ಹಾಕುವುದು ಬೇರೆ, ಎಣಿಕೆ ಬೇರೆ. ಒಂದು ಫೋಟೋ "ಇಲ್ಲಿ ಇತ್ತು" ಅನ್ನುತ್ತದೆ, ಅಷ್ಟೇ. ಜನ ಅಪರೂಪದ್ದರ ಫೋಟೋ ಹತ್ತು ಹಾಕುತ್ತಾರೆ, ದಿನಾ ಕಾಣುವುದರದ್ದು ಹಾಕುವುದಿಲ್ಲ. ಅದಕ್ಕೆ ನಡಿಗೆಯ ಪುಸ್ತಕವನ್ನು ಬಿಡಬೇಡಿ, ಎರಡೂ ನಡೆಯಲಿ.

ಅಪರೂಪದ ಚಿಟ್ಟೆಯ ಜಾಗ ಹೇಳಿದರೆ ಹಿಡಿಯುವವರು ಬರಲ್ವಾ?

ಬರಬಹುದು. ಅಳಿವಿನಂಚಿನ ಜಾತಿಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮಸುಕು ಮಾಡಿ ತೋರಿಸುತ್ತದೆ, ನೀವೂ ಹಾಗೆ ಮಾಡಬಹುದು. ನಿಮ್ಮ ಪುಸ್ತಕದಲ್ಲಿ ಮಾತ್ರ ಸರಿಯಾದ ಜಾಗ ಇರಲಿ. ಮಸುಕು ಮಾಡಿದ್ದೀರಿ ಅಂತ ದಾಖಲೆಯಲ್ಲಿ ಹೇಳಿ, ಇಲ್ಲದಿದ್ದರೆ ಓದುವವರು ಆ ಬಿಂದುವನ್ನೇ ನಂಬುತ್ತಾರೆ. ನಿಮ್ಮ ತೋಟದಲ್ಲಿ ನೋಡಿ ಎಣಿಸಲು ಯಾರ ಅಪ್ಪಣೆಯೂ ಬೇಡ. ಅಭಯಾರಣ್ಯದಲ್ಲಿ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ನಾನು ಕಷ್ಟಪಟ್ಟು ಎಣಿಸಿದ್ದು. ಕೊಟ್ಟುಬಿಟ್ಟರೆ ನನ್ನ ಹೆಸರು ಉಳಿಯುತ್ತದಾ?

ನ್ಯಾಯವಾದ ಪ್ರಶ್ನೆ. ಹಾಕುವಾಗ ಯಾವ ಪರವಾನಗಿ ಅಂತ ಆರಿಸಲು ಬರುತ್ತದೆ. ಹೆಸರು ಹೇಳಿ ಬಳಸಿ ಅನ್ನುವುದೂ ಇದೆ, ವ್ಯಾಪಾರಕ್ಕೆ ಬಳಸಬೇಡಿ ಅನ್ನುವುದೂ ಇದೆ. ಎಣಿಸಿದವರ ಹೆಸರಿಗೆ, ಗುರುತಿಸಿದವರ ಹೆಸರಿಗೆ ಬೇರೆ ಬೇರೆ ಕಾಲಂ ಇರುವುದೂ ಇದಕ್ಕೇ. ಕಾಡಿನಲ್ಲಿ ಜೊತೆಗೆ ನಡೆದು ಹುಳ ತೋರಿಸಿಕೊಟ್ಟವರ ಹೆಸರನ್ನೂ ಅವರನ್ನು ಕೇಳಿಯೇ ಸೇರಿಸಿ. ಎಷ್ಟೋ ಸಲ ಮೊದಲು ಕಂಡವರು ಅವರೇ ಆಗಿರುತ್ತಾರೆ.

ಜೇನು ಸಾಕುವವರು ಏನು ಬರೆಯಬೇಕು?

ಪೆಟ್ಟಿಗೆ ಎಷ್ಟು, ಅದರಲ್ಲಿ ಹುಳ ಇರುವುದು ಎಷ್ಟು. ಕಡಿಮೆಯಾದರೆ ಪಾಲಾಗಿ ಹೋದದ್ದಾ, ಪರಾರಿಯಾದದ್ದಾ, ರೋಗದಿಂದ ಸತ್ತದ್ದಾ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ಅಂಥದ್ದು ಮತ್ತೆ ಬಂದರೆ ಮೊದಲ ವಾರವೇ ಗೊತ್ತಾಗಬೇಕಾದರೆ ಕಾರಣದ ಕಾಲಂ ತುಂಬಿರಬೇಕು.

ಎಷ್ಟು ವರ್ಷ ಎಣಿಸಿದರೆ ಏನಾದರೂ ಹೇಳಬಹುದು?

ಎರಡು ಮೂರು ವರ್ಷ ಸಾಲದು. ಕೀಟಗಳ ಸಂಖ್ಯೆ ಮಳೆಯ ಮೇಲೆ ಕುಣಿಯುತ್ತದೆ. ಒಂದು ವರ್ಷ ಹತ್ತು ಪಟ್ಟು, ಮರುವರ್ಷ ಬೆರಳೆಣಿಕೆ.

ಜರ್ಮನಿಯ ಕ್ರೆಫೆಲ್ಡ್ ಊರಿನ ಕೀಟಾಸಕ್ತರ ಸಂಘದ ಕೆಲಸ ನನಗೆ ಬಹಳ ಇಷ್ಟ. ಡೇರೆಯ ಹಾಗಿರುವ ಮಲೇಸ್ ಬಲೆಗಳನ್ನು ಸಂರಕ್ಷಿತ ಪ್ರದೇಶಗಳ 63 ಕಡೆ, 1989ರಿಂದ 2016ರವರೆಗೆ ಹಾಕಿದರು. ಒಂದೇ ಮಾದರಿಯ ಬಲೆ, ಬಿದ್ದದ್ದನ್ನು ಒಂದೇ ಕ್ರಮದಲ್ಲಿ ತೂಕ ಮಾಡುವುದು. 27 ವರ್ಷದಲ್ಲಿ ಹಾರುವ ಕೀಟಗಳ ತೂಕ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು. 2017ರಲ್ಲಿ ಅದು ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು. ಅದರಲ್ಲೂ ಕೊರತೆ ಇತ್ತು. ಬಹಳಷ್ಟು ಜಾಗಗಳಲ್ಲಿ ಬಲೆ ಹಾಕಿದ್ದು ಒಂದೇ ವರ್ಷ. ಆದರೂ ವಿಧಾನ ಬದಲಾಗದೆ ಇದ್ದದ್ದರಿಂದ ಆ ಲೆಕ್ಕಕ್ಕೆ ತೂಕ ಬಂತು.

2020ರಲ್ಲಿ ಜಗತ್ತಿನ 166 ದೀರ್ಘಕಾಲದ ಅಧ್ಯಯನಗಳನ್ನು ಸೇರಿಸಿ ನೋಡಿದರು. ನೆಲದ ಕೀಟಗಳು ಹತ್ತು ವರ್ಷಕ್ಕೆ ಸುಮಾರು 9% ಇಳಿಯುತ್ತಿವೆ, ಸಿಹಿನೀರಿನವು ಸುಮಾರು 11% ಏರುತ್ತಿವೆ ಅಂತ ಬಂತು. ಬೇರೆ ಬೇರೆ ಉದ್ದೇಶಕ್ಕೆ, ಬೇರೆ ಬೇರೆ ಅಳತೆಯಲ್ಲಿ ಎಣಿಸಿದ್ದನ್ನು ಹೀಗೆ ಕೂಡಿಸಬಹುದಾ ಅಂತ ಆಮೇಲೆ ದೊಡ್ಡ ವಾದವೇ ನಡೆಯಿತು. ಹೆಚ್ಚಿನ ಲೆಕ್ಕ ಬಂದದ್ದು ಯೂರೋಪ್ ಮತ್ತು ಉತ್ತರ ಅಮೆರಿಕದಿಂದ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಅವು ಏರುತ್ತಿವೆಯೋ ಇಳಿಯುತ್ತಿವೆಯೋ ಅಂತ ಹೇಳುವ ಪುಸ್ತಕ ನಮ್ಮಲ್ಲೇ ತಯಾರಾಗಬೇಕು.

ಅಜ್ಜನ ಕಾಲದ ನೋಟ್‌ಬುಕ್, ಹಳೆಯ ಡೈರಿ ಇದೆ. ಏನು ಮಾಡಲಿ?

ಬಿಸಾಡಬೇಡಿ. ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ, ಗೆದ್ದಲು ಕಾಯುವುದಿಲ್ಲ. ಆಮೇಲೆ ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿ. "ಆರಿದ್ರೆ ಮಳೆಯಲ್ಲಿ" ಅಂತ ಬರೆದಿದ್ದರೆ ಹಾಗೇ ಬರೆದು, ಪಕ್ಕದ ಕಾಲಂನಲ್ಲಿ ಜೂನ್ ಕೊನೆಯಿಂದ ಜುಲೈ ಮೊದಲ ವಾರ ಅಂತ ತಾರೀಖಿನ ಮಿತಿ ಕೊಡಿ. ಎಷ್ಟು ಹೊತ್ತು ನೋಡಿದರು ಅಂತ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಮನೆಯಲ್ಲಿ ಹಿರಿಯರು ಇದ್ದರೆ ಈಗಲೇ ಕೂತು ಕೇಳಿ: ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ದಿನಾ ಹೋಗುತ್ತಿದ್ದಿರಾ, ಕಾಣದ ದಿನ ಬರೆಯುತ್ತಿದ್ದಿರಾ? ಅವರು ಹೇಳಿದ್ದನ್ನು ಇವತ್ತಿನ ತಾರೀಖು ಹಾಕಿ ಮೊದಲ ಪುಟಕ್ಕೆ ಅಂಟಿಸಿ.